ನಾಲ್ಕನೇ ಪ್ರಶ್ನೆ, ಹತ್ತು ಅಂಕ

ಫ್ಯಾನು ಹಾಕಿದರೆ ಹಾಳೆ ಹಾರುತ್ತವೆ,
ಆರಿಸಿದರೆ ಶಾಯಿಯ ಮೇಲೆ ಬೆವರು.
ದಾವಣಗೆರೆಯ ಏಪ್ರಿಲ್. ದಿನಕ್ಕೆ ನಲವತ್ತು ಪತ್ರಿಕೆ,
ಇದು ಇಪ್ಪತ್ತಮೂರನೆಯದು.
ಹೆಸರಿಲ್ಲ, ಊರಿಲ್ಲ. ಒಂದು ಕೋಡ್ ನಂಬರು, ಅಷ್ಟೆ.

ಪ್ರಶ್ನೆ ನಾನೇ ತೆಗೆದದ್ದು:
ಪ್ಯಾರಿಸ್ಸಿನ ಹಸಿವನ್ನು ಆಂಗ್ಲ ಕಾದಂಬರಿಕಾರರು
ಹೇಗೆ ಚಿತ್ರಿಸಿದ್ದಾರೆ, ವಿವರಿಸಿ.
ಮಾದರಿ ಉತ್ತರವೂ ನನ್ನದೇ. ನನ್ನದೆಂದರೆ
ಉಚ್ಚೆಂಗೆಪ್ಪ ಮೇಷ್ಟ್ರು ನಮಗೆ ಬರೆಸಿದ್ದು,
ಅವರಿಗೆ ಅವರ ಮೇಷ್ಟ್ರು ಧಾರವಾಡದಲ್ಲಿ ಬರೆಸಿದ್ದು:
ಶ್ರೀಮಂತರ ಕ್ರೌರ್ಯಕ್ಕೆ ಮೂರು, ಬಡವರ ಸೇಡಿಗೆ ಮೂರು,
ಸೇಡು ವ್ಯರ್ಥ ಎಂಬುದಕ್ಕೆ ನಾಲ್ಕು.

ಈ ಹುಡುಗನೋ ಹುಡುಗಿಯೋ
ಮುರುಕು ಇಂಗ್ಲಿಷಿನಲ್ಲಿ ಬರೆದದ್ದು
ನನಗೆ ಕನ್ನಡದಲ್ಲೇ ಕೇಳಿಸಿತು:

“ಅವರು ಬ್ರೆಡ್ಡು ಕೇಳಿದರು.
ನಮ್ಮ ಮನೆಯಲ್ಲಿ ಬ್ರೆಡ್ಡು ಜ್ವರ ಬಂದಾಗ ಮಾತ್ರ.
ಇಡೀ ಊರಿಗೇ ಜ್ವರ ಬಂದಿದೆ ಅಂದುಕೊಂಡು ಓದಿದೆ.
ನಮ್ಮದು ಮಂಡಕ್ಕಿ ಭಟ್ಟಿ. ಅಮ್ಮಿ ಮೂರಕ್ಕೇ ಏಳುತ್ತಾಳೆ,
ಉಪ್ಪು ಹಿಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಾಳೆ.
ಅದು ಒಮ್ಮೆಲೇ ಏಳುತ್ತದೆ.
ಎದ್ದ ಕ್ಷಣಕ್ಕೆ ಜರಡಿ ಹಿಡಿಯಬೇಕು, ತಡವಾದರೆ ಕರಿ.
ಕತೆಯಲ್ಲಿ ಸಿರಿವಂತರ ಸಾರೋಟು ಬರುತ್ತದೆ.
ನಾನು ಕಾರು ಹತ್ತಿಲ್ಲ. ಅದರ ಟೈರು ಸುಟ್ಟಿದ್ದೇನೆ.
ನಮ್ಮ ಒಲೆಗೆ ಅದೇ ಉರುವಲು. ಸೀನಿದರೆ ಕಪ್ಪು.

ಒಂದು ಅನುಮಾನ. ಬರೆದವರು
ಕಡಲಿನ ಆ ಕಡೆ ದಡದಲ್ಲಿ ಕೂತಿದ್ದರು.
ಹಸಿದು ಬಿದ್ದಿರುವ ತನಕ ಆ ಜನಕ್ಕೆ
ಒಬ್ಬೊಬ್ಬರಿಗೂ ಹೆಸರು, ಮಗು, ಕೆಮ್ಮು.
ಎದ್ದು ನಿಂತ ಪುಟದಿಂದ ಎಲ್ಲರೂ ಸೇರಿ ಗುಂಪು.
ಹೆಸರುಗಳನ್ನು ಯಾರು ತಗೊಂಡರು?
ದಯವಿಟ್ಟು ತಿಳಿಸಿ.”

ಮೂವತ್ತು ವರ್ಷ ಪತ್ರಿಕೆ ತಿದ್ದಿದ್ದೇನೆ,
ಪತ್ರಿಕೆ ನನ್ನನ್ನು ಕೇಳಿದ್ದು ಇದೇ ಮೊದಲು.

ಅಪ್ಪ ಕಾಟನ್ ಮಿಲ್ಲಿನಲ್ಲಿದ್ದ, ರಿಂಗ್ ಫ್ರೇಮಿಗೆ.
ಹುಬ್ಬಿನ ಮೇಲೂ ಹತ್ತಿಯ ನವಿರು,
ಮಕ್ಕಳು ನಾವು ಮುದುಕ ಅಂತ ಆಡಿಕೊಳ್ಳುತ್ತಿದ್ದೆವು.
ಗೇಟಿಗೆ ಬೀಗ ಬಿದ್ದ ದಿನ ಯಾರೂ ಒಂದು ಕಲ್ಲೆಸೆಯಲಿಲ್ಲ.
ಸಾಲಿನಲ್ಲಿ ನಿಂತರು, ಸಹಿ ಬಾರದವರು ಹೆಬ್ಬೆಟ್ಟೊತ್ತಿದರು,
ಬುತ್ತಿ ಡಬ್ಬಿ ಹಿಡಿದು ಮನೆಗೆ ಬಂದರು.
ಅಪ್ಪನ ಡಬ್ಬಿಯಲ್ಲಿ ರೊಟ್ಟಿ ಹಾಗೇ ಇತ್ತು.
ನಾನಾಗ ಬಿ.ಎ. ಎರಡನೇ ವರ್ಷ,
ಬಾಸ್ಟೀಲ್ ಬಿದ್ದ ತಾರೀಕು ಬಾಯಿಪಾಠ.
ಮಿಲ್ಲು ಮುಚ್ಚಿದ ತಾರೀಕು ಈಗಲೂ ಗೊತ್ತಿಲ್ಲ.
ಕ್ರಾಂತಿ ಇಂಗ್ಲಿಷಿನಲ್ಲಿ ಆಗುವಂಥದ್ದು ಅಂದುಕೊಂಡಿದ್ದೆ.
ನಮ್ಮಲ್ಲಿ ಆಗುವುದು ಸೆಟಲ್‌ಮೆಂಟು.

“ಆವರೇಜು ಆರು ದಾಟದಿರಲಿ ಮೇಡಂ,”
ಮುಖ್ಯ ಮೌಲ್ಯಮಾಪಕ ಕೊಟ್ರಬಸಪ್ಪನವರು
ಚಹಾದ ಲೋಟ ಇಟ್ಟು ಹೋದರು.
ಸ್ಕೀಮಿನಂತೆ ನೋಡಿದರೆ ಕ್ರೌರ್ಯಕ್ಕೆ ಎರಡು,
ಸೇಡಿಗೆ ಸೊನ್ನೆ, ವ್ಯರ್ಥತೆಯ ಮಾತೇ ಇಲ್ಲ.
ಎಂಟು ಬರೆದೆ. ಹೊಡೆದು ಒಂಬತ್ತು ಮಾಡಿದೆ.
ತಿದ್ದಿದ ಅಂಕಕ್ಕೆ ಸಹಿ ಬೇಕು, ಹಾಕಿದೆ.
ಅಂಚಿನಲ್ಲಿ ಉತ್ತರ ಬರೆಯುವಂತಿಲ್ಲ, ನಿಯಮ.
ಆದರೂ ಪೆನ್ನು ಅಲ್ಲೇ ನಿಂತಿತು,
ಕೆಂಪು ಚುಕ್ಕಿ ಹಿಂದಿನ ಪುಟಕ್ಕೆ ಇಳಿಯುವವರೆಗೆ.

ಸಂಜೆ ಬಸ್ಸು ಬಿಟ್ಟು ಭಟ್ಟಿಗಳ ದಾರಿ ಹಿಡಿದೆ.
ಹೊಗೆ. ಎದುರಿಗೆ ಸೈಕಲ್ಲೊಂದು, ಅದರ ಮೇಲೆ
ಸವಾರನೇ ಕಾಣದಷ್ಟು ಚೀಲ. ತೂಕವೇ ಇಲ್ಲ ಅದಕ್ಕೆ.
ಒಂದು ಬಾಗಿಲಲ್ಲಿ ನಿಂತು ಸೇರಿಗೆಷ್ಟು ಅಂದೆ.
ಜರಡಿ ಹಿಡಿದ ಹುಡುಗಿ ತಲೆ ಎತ್ತದೆ ರೇಟು ಹೇಳಿದಳು,
ಅಳೆದಳು, ಮೇಲೊಂದು ಹಿಡಿ ಕೊಸರು ಹಾಕಿದಳು.
“ಹೆಸರೇನಮ್ಮಾ?” ಅಂದೆ.
“ಯಾರ್ದು?” ಅಂದಳು. “ಭಟ್ಟಿದಾ, ನಂದಾ?”